ಮರೆವಿನ ಕಾಯಿಲೆ ಬಂದ ಗಂಡನ ಪರವಾಗಿ ಹೆಂಡತಿ ಸಹಿ ಹಾಕಬಹುದೇ?

ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೂ ಗಂಡನೊಬ್ಬನ ಹೆಸರಿನಲ್ಲಿರುವ ಎಫ್‌ಡಿ ಮುರಿಸುವ ಅಧಿಕಾರವಿಲ್ಲ. ಹೆಂಡತಿಯ ಹೆಸರಿನ ಸೈಟನ್ನು ಆಕೆಯ ಚಿಕಿತ್ಸೆಗೆಂದೇ ಮಾರಲು ಗಂಡನಿಗೂ ಅಧಿಕಾರವಿಲ್ಲ. ಮದುವೆಯಿಂದ ಜೀವನಾಂಶದ ಹಕ್ಕು ಬರುತ್ತದೆ, ವಾರಸುದಾರಿಕೆ ಬರುತ್ತದೆ. ಬದುಕಿರುವ ಸಂಗಾತಿಯ ಪರವಾಗಿ ಸಹಿ ಹಾಕುವ ಹಕ್ಕು ಮಾತ್ರ ಬರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಇದು ಗೊತ್ತಾಗುವುದು ಬ್ಯಾಂಕಿನ ಕೌಂಟರಿನಲ್ಲಿ. ಯಜಮಾನರ ಸಹಿ ಅರ್ಧಕ್ಕೇ ನಿಂತಿರುತ್ತದೆ, ಚೆಕ್ಕು ವಾಪಸು ಬರುತ್ತದೆ, "ಸರ್‌ನ ಒಂದ್ಸಲ ಕರ್ಕೊಂಡು ಬನ್ನಿ ಮೇಡಂ" ಅನ್ನುತ್ತಾರೆ. ಕರೆದುಕೊಂಡು ಹೋದರೆ ತಾವು ಅಲ್ಲಿಗೆ ಬಂದದ್ದು ಏಕೆಂದೇ ಅವರಿಗೆ ಗೊತ್ತಿರುವುದಿಲ್ಲ. ಆ ಹೊತ್ತಿಗೆ ಸುಲಭದ ದಾರಿಗಳೆಲ್ಲ ಮುಚ್ಚಿಹೋಗಿರುತ್ತವೆ.

ಆದ್ದರಿಂದ ಕಾಯಿಲೆ ಗೊತ್ತಾದ ಮೊದಲ ತಿಂಗಳುಗಳೇ ಮುಖ್ಯ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಎಂದು ಡಾಕ್ಟರು ಬರೆದ ದಿನವೇ ಆ ಮನುಷ್ಯ ಸಹಿ ಹಾಕುವ ಅರ್ಹತೆ ಕಳೆದುಕೊಳ್ಳುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 3ನೇ ಸೆಕ್ಷನ್ ಇದನ್ನು ಬಿಡಿಸಿ ಹೇಳುತ್ತದೆ: ಕಾಯಿಲೆ ಇದೆ ಎಂದಷ್ಟಕ್ಕೇ ಒಬ್ಬರನ್ನು ಅಸ್ವಸ್ಥಚಿತ್ತರೆಂದು ಎಣಿಸುವಂತಿಲ್ಲ, ಹಾಗೆಂದು ನ್ಯಾಯಾಲಯ ಹೇಳಬೇಕು. 1872ರ ಕರಾರು ಕಾಯ್ದೆಯ 12ನೇ ಸೆಕ್ಷನ್ ಕೂಡ ನೋಡುವುದು ಸಹಿ ಹಾಕುವ ಆ ಹೊತ್ತಿನಲ್ಲಿ ವಿಷಯ ಅರ್ಥವಾಗಿತ್ತೇ, ತನಗೆ ಒಳಿತೋ ಕೆಡುಕೋ ಎಂದು ತೂಗಿ ನೋಡುವ ಶಕ್ತಿ ಇತ್ತೇ ಎಂಬುದನ್ನಷ್ಟೇ. ಬೆಳಿಗ್ಗೆ ತಿಂಡಿಗೆ ಏನು ತಿಂದೆ ಎನ್ನುವುದು ಮರೆತವರಿಗೂ "ಈ ಮನೆ ನನ್ನದು, ಇನ್ನು ಮುಂದೆ ಬ್ಯಾಂಕಿನ ವ್ಯವಹಾರ ನನ್ನ ಹೆಂಡತಿ ನೋಡಿಕೊಳ್ಳಲಿ" ಎಂಬ ತೀರ್ಮಾನ ಸ್ಪಷ್ಟವಾಗಿರಬಹುದು. ಆ ಸ್ಪಷ್ಟತೆ ಇರುವಾಗಲೇ ಕೆಲಸ ಮುಗಿಸಿಕೊಳ್ಳಬೇಕು. ಇದು ಕಾಯಿಲೆಯವರಿಗೆ ಮಾಡುವ ಅನ್ಯಾಯವಲ್ಲ; ಅವರ ದುಡ್ಡು ಅವರ ಆರೈಕೆಗೇ ಸಿಗುವಂತೆ ಮಾಡುವ ಕೆಲಸ.

ಮೊದಲ ಕೆಲಸ ಬ್ಯಾಂಕಿನದು. ಗಂಡನೊಬ್ಬನ ಹೆಸರಿನಲ್ಲಿರುವ ಎಸ್‌ಬಿ ಖಾತೆಗೆ ಹೆಂಡತಿಯ ಹೆಸರು ಸೇರಿಸಿ 'ಈದರ್ ಆರ್ ಸರ್ವೈವರ್' ಮಾಡಿಸಿ. ಆಗ ಇಬ್ಬರಲ್ಲಿ ಒಬ್ಬರ ಸಹಿ ಸಾಕು. ಎಫ್‌ಡಿಗಳಲ್ಲಿ ಮಾತ್ರ ಒಂದು ಸಿಕ್ಕು ಇದೆ. ಈದರ್ ಆರ್ ಸರ್ವೈವರ್ ಎಂದು ಬರೆದಿದ್ದರೂ ಅದು ಅನ್ವಯಿಸುವುದು ಅವಧಿ ಮುಗಿದ ಮೇಲೆ. ಅವಧಿಗೆ ಮುಂಚೆ ಮುರಿಸಬೇಕಾದರೆ ಇಬ್ಬರೂ ಬದುಕಿರುವಾಗ ಬ್ಯಾಂಕು ಇಬ್ಬರ ಸಹಿಯನ್ನೂ ಕೇಳುತ್ತದೆ. ಐದು ವರ್ಷದ ಎಫ್‌ಡಿಯಲ್ಲಿ ದುಡ್ಡೆಲ್ಲ ಕೂತಿದ್ದು, ಆಸ್ಪತ್ರೆ ಬಿಲ್ಲು ಕಟ್ಟಲಾಗದೆ ಒದ್ದಾಡುವುದು ಇದರಿಂದಲೇ. ದೊಡ್ಡ ಎಫ್‌ಡಿಗಳನ್ನು ಒಂದೊಂದು ವರ್ಷದ ಸಣ್ಣ ಎಫ್‌ಡಿಗಳಾಗಿ ಒಡೆದು, ಬೇರೆ ಬೇರೆ ತಿಂಗಳಲ್ಲಿ ಅವಧಿ ಮುಗಿಯುವಂತೆ ಇಡುವುದು ವಾಸಿ. ತಾನಾಗಿ ನವೀಕರಣ ಆಗುವ ಸೂಚನೆಯನ್ನು ತೆಗೆಸಿ, ಅವಧಿ ಮುಗಿದ ಹಣ ಜಂಟಿ ಎಸ್‌ಬಿ ಖಾತೆಗೇ ಬಂದು ಬೀಳುವ ಹಾಗೆ ಬರೆಸಿ. ಲಾಕರಿಗೂ ಜಂಟಿ ಹೆಸರು ಬೇಕು.

ನಾಮಿನಿ ಮಾಡಿಸಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವವರು ಬಹಳ. ನಾಮಿನಿಗೆ ಕೆಲಸ ಶುರುವಾಗುವುದು ಖಾತೆದಾರ ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಆ ಹೆಸರಿಗೆ ಒಂದು ರೂಪಾಯಿಯನ್ನೂ ತೆಗೆಯುವ ಅಧಿಕಾರವಿಲ್ಲ. ಮ್ಯೂಚುವಲ್ ಫಂಡ್ ಮತ್ತು ಡಿಮ್ಯಾಟ್ ಖಾತೆಗಳಿಗೆ ಷೇರುಪೇಟೆಯ ನಿಯಂತ್ರಕ ಸೆಬಿ 2025ರಲ್ಲಿ ತಂದ ಹೊಸ ನಾಮಿನಿ ನಿಯಮಗಳಲ್ಲಿ, ಹಾಸಿಗೆ ಹಿಡಿದ ಹೂಡಿಕೆದಾರರ ಪರವಾಗಿ ಒಬ್ಬ ನಾಮಿನಿ ವ್ಯವಹರಿಸಲು ಅವಕಾಶವಿದೆ. ಆದರೆ ಅದು ದೇಹಕ್ಕೆ ಶಕ್ತಿ ಇಲ್ಲದೆ, ಕರಾರು ಮಾಡುವ ಬುದ್ಧಿಶಕ್ತಿ ಇನ್ನೂ ಇರುವವರಿಗೆ ಮಾತ್ರ. ಡಿಮೆನ್ಷಿಯಾಗೆ ಅದು ಉಪಯೋಗಕ್ಕೆ ಬಾರದು. ಹಾಸಿಗೆ ಹಿಡಿದವರಿಗಾಗಿ ರಿಸರ್ವ್ ಬ್ಯಾಂಕು ಹೇಳಿರುವ ಹೆಬ್ಬೆಟ್ಟಿನ ವ್ಯವಸ್ಥೆಯ ಮಿತಿಯೂ ಇದೇ. ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿ, ಹೆಬ್ಬೆಟ್ಟು ಒತ್ತಿಸಿ ಹಣ ಕೊಡಬಹುದು. ಆದರೆ ಯಾರ ಕೈಗೆ ಹಣ ಕೊಡಬೇಕೆಂದು ಖಾತೆದಾರರೇ ತಿಳಿಸಬೇಕು.

ಗಂಡನ ಎಟಿಎಂ ಕಾರ್ಡು, ಯುಪಿಐ ಪಿನ್ನು ಹೆಂಡತಿಯ ಕೈಯಲ್ಲಿದ್ದರೆ ಸಾಕಲ್ಲ ಎಂದು ಅನ್ನಿಸಬಹುದು. ಬೆಂಗಳೂರಿನದೇ ಒಂದು ಪ್ರಕರಣ ಇದೆ. 2013ರಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು 25,000 ರೂಪಾಯಿ ತರಲು ಗಂಡನಿಗೆ ಕಾರ್ಡು, ಪಿನ್ನು ಕೊಟ್ಟು ಕಳಿಸಿದರು. ಯಂತ್ರದಿಂದ ಚೀಟಿ ಬಂತು, ಹಣ ಬರಲಿಲ್ಲ. 2018ರಲ್ಲಿ ಗ್ರಾಹಕರ ವೇದಿಕೆ, ಪಿನ್ ಬೇರೆಯವರಿಗೆ ಕೊಟ್ಟದ್ದೇ ನಿಯಮಭಂಗ ಎಂಬ ಬ್ಯಾಂಕಿನ ವಾದವನ್ನು ಒಪ್ಪಿತು. ಬೇರೆಯವರು ಎಂದರೆ ಗಂಡನೂ ಸೇರಿ. ಇದಕ್ಕಿಂತ ದೊಡ್ಡ ಅಪಾಯ ಮನೆಯೊಳಗಿನದು. ನಾಳೆ ಮಕ್ಕಳಲ್ಲಿ ಒಬ್ಬರು ಲೆಕ್ಕ ಕೇಳಿದರೆ, ಅರಿವು ಇಲ್ಲದವರ ಮೊಬೈಲಿನಿಂದ ಹೋದ ಒಂದೊಂದು ವರ್ಗಾವಣೆಗೂ ಹೆಂಡತಿಯೇ ಉತ್ತರ ಹೇಳಬೇಕಾಗುತ್ತದೆ.

ಪಿಂಚಣಿಯದು ಅಷ್ಟು ಕಷ್ಟವಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರು ಪಿಂಚಣಿ ಖಾತೆಯನ್ನು ಸಂಗಾತಿಯೊಂದಿಗೆ ಜಂಟಿಯಾಗಿ ಇಡಬಹುದು. ನವೆಂಬರಿನ ಜೀವಂತ ಪ್ರಮಾಣಪತ್ರಕ್ಕೆ, ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ, ಸರ್ಕಾರದ ಡಿಜಿಟಲ್ ವ್ಯವಸ್ಥೆಯಾದ ಜೀವನ್ ಪ್ರಮಾಣ್‌ನ ಮುಖ ಗುರುತಿನ ವಿಧಾನ ಮನೆಯಲ್ಲೇ ಆಗುತ್ತದೆ.

ಇನ್ನು ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಜನರಲ್ ಪವರ್ ಆಫ್ ಅಟಾರ್ನಿ. ಅಮೆರಿಕದಲ್ಲಿರುವ ಮಕ್ಕಳು "ಅಪ್ಪನ ಹತ್ರ ಒಂದು ಪವರ್ ಆಫ್ ಅಟಾರ್ನಿ ಬರೆಸ್ಕೊಂಡ್ಬಿಡಮ್ಮ, ಆಯ್ತಲ್ಲ" ಅನ್ನುತ್ತಾರೆ. ಅಲ್ಲಿ ಬುದ್ಧಿ ತಪ್ಪಿದ ಮೇಲೂ ಮುಂದುವರಿಯುವ ಬಗೆಯ ಪವರ್ ಆಫ್ ಅಟಾರ್ನಿ ಇದೆ. ನಮ್ಮಲ್ಲಿ ಇಲ್ಲ. ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರು ತೀರಿಕೊಂಡರೂ ಅಸ್ವಸ್ಥಚಿತ್ತರಾದರೂ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಯಾವ ದಿನಕ್ಕಾಗಿ ಜಿಪಿಎ ಬರೆಸಿದ್ದೋ ಆ ದಿನ ಬಂದಾಗ ಅದು ಬರೀ ಕಾಗದ. "ನನಗೆ ಮುಂದೆ ಬುದ್ಧಿ ಸ್ವಾಧೀನ ತಪ್ಪಿದರೂ ಇದು ಜಾರಿಯಲ್ಲಿರತಕ್ಕದ್ದು" ಎಂದು ಛಾಪಾ ಕಾಗದದಲ್ಲಿ ಬರೆಸಿದರೂ ಕಾಯ್ದೆಯನ್ನು ಮೀರಲಾಗದು. ಅಂಥ ಜಿಪಿಎ ಇಟ್ಟುಕೊಂಡು ಮನೆ ಮಾರಿದರೆ ಕೊಂಡವರ ಹಕ್ಕಿಗೇ ದೋಷ ಬರುತ್ತದೆ. ಕೊಳ್ಳುವವರ ವಕೀಲರು ಚುರುಕಾಗಿದ್ದರೆ ವ್ಯವಹಾರ ಅಲ್ಲೇ ನಿಲ್ಲುತ್ತದೆ. ಹಾಗೆಂದು ಜಿಪಿಎ ಬೇಡವೇ ಬೇಡ ಎಂದಲ್ಲ. ಕಾಯಿಲೆಯ ಆರಂಭದಲ್ಲಿ, ಯಜಮಾನರಿಗೆ ವಿಷಯ ಅರ್ಥವಾಗುತ್ತದೆ ಆದರೆ ಓಡಾಟ ಆಗುವುದಿಲ್ಲ ಎನ್ನುವ ಒಂದೆರಡು ವರ್ಷಗಳಿಗೆ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಇ-ಖಾತಾ ಮಾಡಿಸುವುದು, ಬಾಡಿಗೆ ಕರಾರು, ಬೆಸ್ಕಾಂ ಹೆಸರು ಬದಲಾವಣೆ, ಮ್ಯೂಚುವಲ್ ಫಂಡ್ ಕೆಲಸ ಎಲ್ಲ ಆ ಅವಧಿಯಲ್ಲಿ ಮುಗಿಸಬಹುದು. ನೋಟರಿ ಮುದ್ರೆ ಹಾಕಿಸಿ ಸುಮ್ಮನಾಗದೆ ನೋಂದಣಿ ಮಾಡಿಸಿ.

ಮನೆಯನ್ನೋ ಸೈಟನ್ನೋ ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಕೊಡುವ ಯೋಚನೆ ಯಜಮಾನರಿಗಿದ್ದರೆ ಅದಕ್ಕೂ ಕಾಲ ಇದೇ. ಕರ್ನಾಟಕದಲ್ಲಿ ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ನಿಗದಿತ ಮೊತ್ತ, ಮಾರುಕಟ್ಟೆ ಬೆಲೆಯ ಶೇಕಡಾವಾರು ಅಲ್ಲ. ಆದರೆ ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಸಬ್ ರಿಜಿಸ್ಟ್ರಾರ್ ಮುಂದೆ. ನೋಂದಣಿ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಪತ್ರ ಬರೆದುಕೊಟ್ಟವರು ಬುದ್ಧಿ ಸ್ವಾಧೀನದಲ್ಲಿಲ್ಲದವರಂತೆ ಕಂಡರೆ ಅಧಿಕಾರಿ ನೋಂದಣಿ ನಿರಾಕರಿಸಲೇಬೇಕು. ಅವರು ಕೇಳುವುದು ಸಾದಾ ಪ್ರಶ್ನೆಗಳನ್ನೇ: "ನಿಮ್ಮ ಹೆಸರೇನು ಸರ್? ಇದೇನು ಪತ್ರ ಗೊತ್ತಾ? ಯಾರಿಗೆ ಬರೆದುಕೊಡ್ತಿದೀರ?" ಗಲಾಟೆಯ ಕಚೇರಿಯಲ್ಲಿ, ಮೂರು ಗಂಟೆ ಕಾದು, ಹಸಿದು ಕೂತವರು ಇದಕ್ಕೆ ತಡವರಿಸುತ್ತಾರೆ. ಡಿಮೆನ್ಷಿಯಾದವರಿಗೆ ಸಂಜೆಯಾಗುತ್ತಿದ್ದಂತೆ ಗೊಂದಲ ಹೆಚ್ಚುವುದು ಸಾಮಾನ್ಯ. ಹಾಗಾಗಿ ಬೆಳಗಿನ ಹೊತ್ತಿನ ಸಮಯ ತೆಗೆದುಕೊಳ್ಳಿ. ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ. ಕಿವಿ ಕೇಳಿಸದೆ ಕೊಟ್ಟ ತಪ್ಪು ಉತ್ತರವೂ ಬುದ್ಧಿಯ ಲೆಕ್ಕಕ್ಕೇ ಹೋಗುತ್ತದೆ. ಮೂತ್ರದ ಸೋಂಕು, ಜ್ವರ ಇದ್ದರೆ ಮುಂದೂಡಿ, ಆ ದಿನಗಳಲ್ಲಿ ಗೊಂದಲ ವಿಪರೀತವಾಗಿರುತ್ತದೆ. ದೈಹಿಕ ಅಶಕ್ತಿ ಇದ್ದವರಿಗೆ ಅಧಿಕಾರಿಯೇ ಮನೆಗೆ ಬರುವ ಅವಕಾಶ ಅದೇ ಕಾಯ್ದೆಯ 31 ಮತ್ತು 38ನೇ ಸೆಕ್ಷನ್‌ಗಳಲ್ಲಿದೆ. ಪರಿಚಿತ ಜಾಗ, ಪರಿಚಿತ ಕುರ್ಚಿ ಎಂದರೆ ಉತ್ತರವೂ ನೆಟ್ಟಗೆ ಬರುತ್ತದೆ.

ಎರಡನೆಯದು ಮುಂದೆ ಬರುವ ತಕರಾರು. ವಯಸ್ಸು, ಕಾಯಿಲೆಯಿಂದ ಬುದ್ಧಿಶಕ್ತಿ ಕುಂದಿದವರ ಜೊತೆ ವ್ಯವಹರಿಸಿದವರು ಅವರ ಮೇಲೆ ಪ್ರಭಾವ ಬೀರುವ ಸ್ಥಾನದಲ್ಲಿದ್ದರು ಎಂದೇ ಕರಾರು ಕಾಯ್ದೆಯ 16ನೇ ಸೆಕ್ಷನ್ ಭಾವಿಸುತ್ತದೆ. ಅಣ್ಣತಮ್ಮಂದಿರೋ ಮಕ್ಕಳೋ ಕೋರ್ಟಿಗೆ ಹೋದರೆ ಈ ಮಾತೇ ಅವರ ಕೈಗೆ ಸಿಗುವುದು. ತಡೆಗಟ್ಟುವ ದಾರಿ ಎಂದರೆ ಅದೇ ದಿನದ, ಇಲ್ಲವೇ ಹಿಂದಿನ ದಿನದ, ವೈದ್ಯರ ಪ್ರಮಾಣಪತ್ರ. ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಸಾಕ್ಷಿಗಳು. ಪತ್ರ ಕನ್ನಡದಲ್ಲಿ, ಅವರಿಗೆ ಓದಿ ಹೇಳುವಂತೆ ಇರುವುದು. ಉಯಿಲಿಗೂ ಇಷ್ಟೇ ಎಚ್ಚರ ಬೇಕು. 1925ರ ಉತ್ತರಾಧಿಕಾರ ಕಾಯ್ದೆ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಅವರಲ್ಲಿ ಒಬ್ಬರು ಚಿಕಿತ್ಸೆ ಕೊಡುವ ವೈದ್ಯರೇ ಆದರೆ ಬಹಳ ಒಳ್ಳೆಯದು.

ಚಿಕಿತ್ಸೆಯ ತೀರ್ಮಾನಗಳಿಗೆ ಕಾನೂನು ಹೆಚ್ಚು ಉದಾರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ನೆನಪು, ಸ್ಥಳ-ಕಾಲದ ಅರಿವು ಕೆಡುವುದೂ ಸೇರಿದೆ. ಅದರ 14ನೇ ಸೆಕ್ಷನ್ ಪ್ರಕಾರ ಬಿಳಿ ಹಾಳೆಯಲ್ಲಿ "ನನ್ನ ಪರವಾಗಿ ಇಂಥವರು" ಎಂದು ಬರೆದು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿದರೆ ನಾಮನಿರ್ದೇಶಿತ ಪ್ರತಿನಿಧಿ ಆದಂತೆ. ಬರೆದಿಲ್ಲದಿದ್ದರೂ ಸಂಬಂಧಿಕರು, ಆರೈಕೆ ಮಾಡುವವರು ಆ ಸ್ಥಾನಕ್ಕೆ ಬರುತ್ತಾರೆ. ಆದರೆ ಈ ಪ್ರತಿನಿಧಿಯ ಮಾತು ನಡೆಯುವುದು ಮಾನಸಿಕ ಆರೋಗ್ಯದ ಚಿಕಿತ್ಸೆಯಲ್ಲಿ ಮಾತ್ರ. ಅದನ್ನು ಬ್ಯಾಂಕಿಗೆ ತೋರಿಸಿ ಪ್ರಯೋಜನವಿಲ್ಲ. ಕೊನೆಗಾಲದಲ್ಲಿ ವೆಂಟಿಲೇಟರು ಬೇಕೇ ಬೇಡವೇ ಎಂಬುದಕ್ಕೆ ಬೇರೆಯೇ ಪತ್ರವಿದೆ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ, 2023ರ ಜನವರಿಯಲ್ಲಿ ಸರಳಗೊಳಿಸಿದ ಜೀವಂತ ಉಯಿಲು ಅದು. ಇಬ್ಬರು ಸಾಕ್ಷಿಗಳು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ನೆಟ್ಟಗೆ ಮಾತಾಡುವಾಗ ಯಜಮಾನರನ್ನು ಕೇಳಿ ಬರೆಸಿಟ್ಟರೆ, ಮುಂದೆ ಐಸಿಯು ಬಾಗಿಲಲ್ಲಿ ಹೆಂಡತಿಯೊಬ್ಬಳೇ ಆ ಭಾರ ಹೊರಬೇಕಾಗುವುದಿಲ್ಲ.

ಇಷ್ಟೂ ಆಗದೆ, ಅರಿವು ಪೂರ್ತಿ ಹೋದ ಮೇಲೆ? ಮೊದಲು ತಪ್ಪು ಬಾಗಿಲುಗಳನ್ನು ತಟ್ಟಿ ಕಾಲ ಕಳೆಯಬೇಡಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಅಪ್ರಾಪ್ತ ವಯಸ್ಕರಿಗೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಕಲತೆಯವರಿಗೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ಆಸ್ತಿಗೆ ಮ್ಯಾನೇಜರನ್ನು ನೇಮಿಸುವ ದಾರಿಯಿತ್ತು. ಆ ಕಾಯ್ದೆ ರದ್ದಾಗಿ, 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಹೊಸ ಕಾಯ್ದೆಯಲ್ಲಿ ಆ ಅಧ್ಯಾಯವೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಡಿ ಹೆಂಡತಿ ವ್ಯಾಜ್ಯಮಿತ್ರಳಾಗಿ, ಅಂದರೆ ಗಂಡನ ಪರವಾಗಿ ನಿಂತು, ದಾವೆ ನಡೆಸಬಹುದು, ಆದರೆ ಅದು ಆ ಒಂದು ದಾವೆಗೆ ಮಾತ್ರ.

ತೆರೆದಿರುವ ಬಾಗಿಲು ಎರಡು. ಒಂದು, ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 14ನೇ ಸೆಕ್ಷನ್. ಜಿಲ್ಲಾ ನ್ಯಾಯಾಲಯ ಇಲ್ಲವೇ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ ಸೀಮಿತ ಪೋಷಕರನ್ನು ನೇಮಿಸುತ್ತದೆ. ನಿರ್ದಿಷ್ಟ ತೀರ್ಮಾನಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯೊಡನೆ ಸಮಾಲೋಚಿಸಿಯೇ. ಯಜಮಾನರಿಗೆ ಅರ್ಧಂಬರ್ಧ ಅರಿವಿದ್ದು, ಆಗಬೇಕಾದ್ದು ಒಂದೇ ಒಂದು ಕೆಲಸ ಎಂದಿದ್ದರೆ ಇದು ಹೊಂದುತ್ತದೆ. ಇನ್ನೊಂದು, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ತನ್ನನ್ನು ತಾನು ನೋಡಿಕೊಳ್ಳಲಾಗದವರಿಗೆ ನ್ಯಾಯಾಲಯವೇ ತಂದೆತಾಯಿಯ ಸ್ಥಾನದಲ್ಲಿ ನಿಲ್ಲುವ ಅಧಿಕಾರ ಅದು. ಕಾಯ್ದೆಯಲ್ಲಿ ಜಾಗ ಖಾಲಿ ಇರುವುದರಿಂದ ದೇಶದ ಹೈಕೋರ್ಟುಗಳು ಈ ಅಧಿಕಾರವನ್ನೇ ಬಳಸುತ್ತಿವೆ. ಕೇರಳ ಹೈಕೋರ್ಟು 2019ರ ಫೆಬ್ರವರಿಯಲ್ಲಿ ಕೋಮಾದಲ್ಲಿದ್ದವರಿಗಾಗಿ ವಿವರವಾದ ಮಾರ್ಗಸೂಚಿ ಕೊಟ್ಟಿತು. ಅಲಹಾಬಾದ್ ಹೈಕೋರ್ಟು 2020ರಲ್ಲಿ, ಮದ್ರಾಸ್ ಹೈಕೋರ್ಟು 2024ರಲ್ಲಿ ಕೋಮಾದಲ್ಲಿದ್ದ ಗಂಡಂದಿರಿಗೆ ಹೆಂಡತಿಯರನ್ನೇ ಪೋಷಕರನ್ನಾಗಿ ನೇಮಿಸಿದವು. ಕೇರಳದ ಮಾರ್ಗಸೂಚಿ ಕರ್ನಾಟಕಕ್ಕೆ ಕಡ್ಡಾಯವಲ್ಲವಾದರೂ, ಅರ್ಜಿಯನ್ನು ಅದರ ಅಳತೆಗೆ ಸಿದ್ಧಮಾಡಿಕೊಂಡರೆ ನ್ಯಾಯಾಲಯ ಕೇಳಬಹುದಾದ ಮುಕ್ಕಾಲು ಪ್ರಶ್ನೆಗೆ ಉತ್ತರ ಆಗಲೇ ಕಡತದಲ್ಲಿರುತ್ತದೆ.

ಆ ಅಳತೆ ಎಂದರೆ ಹೀಗೆ. ಸ್ಥಿರ, ಚರ ಆಸ್ತಿಯ ಪೂರ್ತಿ ಪಟ್ಟಿ. ನರರೋಗ ತಜ್ಞರೊಬ್ಬರು ಕಡ್ಡಾಯವಾಗಿ ಇರುವ ವೈದ್ಯಕೀಯ ಮಂಡಳಿಯ ಪರೀಕ್ಷೆ. ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿ ಮನೆಗೆ ಬಂದು, ಹತ್ತಿರದ ಸಂಬಂಧಿಕರು ಯಾರು, ಅವರ ಹಣಕಾಸಿನ ಸ್ಥಿತಿ ಏನು ಎಂದು ನೋಡಿ ಕೊಡುವ ವರದಿ. ಪೋಷಕರು ಆರು ತಿಂಗಳಿಗೊಮ್ಮೆ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್‌ಗೆ ಒಪ್ಪಿಸುವ ಲೆಕ್ಕ. ಇದಕ್ಕೆ ಬೇಕಾದ ಕಾಗದಗಳನ್ನು ವಕೀಲರ ಬಳಿ ಹೋಗುವ ಮುಂಚೆಯೇ ಜೋಡಿಸಿ: ಮದುವೆಯ ದಾಖಲೆ, ನಾಡಕಚೇರಿಯಿಂದ ವಂಶವೃಕ್ಷ, ಕ್ರಯಪತ್ರ, ಖಾತಾ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಿಂದ ಇಸಿ (ಋಣಭಾರ ಪತ್ರ), ಒಂದೊಂದು ಖಾತೆಯ ಸ್ಟೇಟ್‌ಮೆಂಟ್, ಆರಂಭದಿಂದ ಇಲ್ಲಿಯವರೆಗಿನ ಚಿಕಿತ್ಸೆಯ ಕಾಗದ, ತಿಂಗಳ ಖರ್ಚಿನ ಲೆಕ್ಕ. ಎಲ್ಲ ಮಕ್ಕಳಿಂದ ನಿರಾಕ್ಷೇಪಣೆಯ ಅಫಿಡವಿಟ್ ಬೇಕು. ವಿದೇಶದಲ್ಲಿರುವವರು ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಬೇಕು, ಇಲ್ಲವೇ ಅಲ್ಲಿಯ ನೋಟರಿ ಮುಂದೆ ಸಹಿ ಮಾಡಿ ಅಪೊಸ್ಟಿಲ್ (ಆ ದೇಶದ ಸರ್ಕಾರದ ದೃಢೀಕರಣ) ಹಾಕಿಸಬೇಕು. ತಡವಾಗುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಮೊದಲು ಇದನ್ನೇ ಶುರು ಮಾಡಿ.

ವೈದ್ಯರ ಪ್ರಮಾಣಪತ್ರದ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. "ಆಲ್‌ಝೈಮರ್ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾರೆ" ಎಂಬ ಒಂದು ಸಾಲಿನ ಚೀಟಿಯಿಂದ ಏನೂ ಆಗುವುದಿಲ್ಲ, ಏಕೆಂದರೆ ಕಾಯಿಲೆ ಇರುವುದಕ್ಕೂ ಅರ್ಹತೆ ಹೋಗಿರುವುದಕ್ಕೂ ವ್ಯತ್ಯಾಸವಿದೆ. ಪತ್ರದಲ್ಲಿ ಬರಬೇಕಾದ್ದು: ಯಾವ ಬಗೆಯ ಡಿಮೆನ್ಷಿಯಾ, ಎಂದಿನಿಂದ, ನೆನಪು, ಬುದ್ಧಿಶಕ್ತಿ ಅಳೆಯುವ 30 ಅಂಕದ ಎಂಎಂಎಸ್‌ಇ ಪರೀಕ್ಷೆಯಲ್ಲಿ ಎಷ್ಟು ಬಂತು, ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಹೇಳುವ ಸಿಡಿಆರ್ ಹಂತ ಎಷ್ಟು, ಪರೀಕ್ಷೆ ಅವರ ಮಾತೃಭಾಷೆಯಲ್ಲಿ ನಡೆಯಿತೇ, ಥೈರಾಯ್ಡ್, ಬಿ12 ಕೊರತೆಯಂಥ ಗುಣವಾಗುವ ಕಾರಣಗಳನ್ನು ನೋಡಿ ಕೈಬಿಡಲಾಗಿದೆಯೇ, ಹಣದ ವ್ಯವಹಾರ, ಆಸ್ತಿ, ಚಿಕಿತ್ಸೆ ಈ ಮೂರರಲ್ಲಿ ಒಂದೊಂದಕ್ಕೂ ತೀರ್ಮಾನ ಮಾಡಬಲ್ಲರೇ, ಸುಧಾರಿಸುವ ಸಂಭವ ಇದೆಯೇ. ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಯ ಕಾಗದಕ್ಕೆ ತೂಕ ಹೆಚ್ಚು. ಚಿಕಿತ್ಸೆ ಬೇರೆಡೆ ನಡೆಯುತ್ತಿದ್ದರೂ ಅಲ್ಲಿ ಒಮ್ಮೆ ತೋರಿಸಿ ಕಡತ ಮಾಡಿಸಿಡುವುದು ಜಾಣತನ.

ಆದೇಶದಿಂದ ಎಷ್ಟು ಉಪಯೋಗ ಎನ್ನುವುದು ಅರ್ಜಿಯಲ್ಲಿ ಏನು ಕೇಳಿದ್ದೀರಿ ಎಂಬುದರ ಮೇಲೆ ನಿಂತಿದೆ. "ಪೋಷಕಳನ್ನಾಗಿ ನೇಮಿಸಬೇಕು" ಎಂದಷ್ಟೇ ಕೇಳಿ ಪಡೆದ ಆದೇಶವನ್ನು ಬ್ಯಾಂಕಿನ ಶಾಖೆ ತನ್ನ ಕಾನೂನು ವಿಭಾಗಕ್ಕೆ ಕಳಿಸುತ್ತದೆ, ಅಲ್ಲಿಂದ "ಈ ಖಾತೆಯ ಉಲ್ಲೇಖ ಇಲ್ಲ" ಎಂದು ಬರುತ್ತದೆ. ಖಾತೆ ಸಂಖ್ಯೆ, ಶಾಖೆ, ಒಂದೊಂದು ಎಫ್‌ಡಿ ರಸೀದಿ ಸಂಖ್ಯೆ, ಲಾಕರ್, ಮ್ಯೂಚುವಲ್ ಫಂಡ್ ಫೋಲಿಯೊ, ವಿಮಾ ಪಾಲಿಸಿ, ಪಿಂಚಣಿ, ಆದಾಯ ತೆರಿಗೆ, ಮೊಬೈಲ್ ಸಿಮ್ಮು, ಆಧಾರ್ ತಿದ್ದುಪಡಿ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿ. ಮನೆ ಮಾರುವ ಅಗತ್ಯ ಬರಬಹುದು ಎನ್ನಿಸಿದರೆ ಚಕ್ಕುಬಂದಿ ಸಮೇತ ಷೆಡ್ಯೂಲ್ ಹಾಕಿ, ಮಾರುವ ಅನುಮತಿಯನ್ನು ಬೇರೆಯಾಗಿ, ಕಾರಣ ಸಹಿತ ಕೇಳಬೇಕು. ಹೆಸರಿನ ಕಾಟವೂ ಇದೆ. ಆಧಾರ್‌ನಲ್ಲಿ ಒಂದು ರೀತಿ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮುಂದೆ, ಕ್ರಯಪತ್ರದಲ್ಲಿ "ಬಿನ್" ಸೇರಿ ಇನ್ನೊಂದು ರೀತಿ ಇರುತ್ತದೆ. ಇವೆಲ್ಲ ಒಬ್ಬರೇ ಎಂದು ಅರ್ಜಿಯಲ್ಲೇ ಅಷ್ಟೂ ರೂಪಗಳನ್ನು ಬರೆದರೆ ಆದೇಶದಲ್ಲೂ ಬರುತ್ತವೆ.

ವಕೀಲರ ಫೀಸಿಗೆ ಹೆದರಿ ಕೈಕಟ್ಟಿ ಕೂರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿ ಇದೆ, ಸಹಾಯವಾಣಿ 15100.

ಆದೇಶ ಬಂದ ಮೇಲೆ ದೃಢೀಕೃತ ನಕಲುಗಳನ್ನು ಹೆಚ್ಚಾಗಿಯೇ ತೆಗೆಸಿಟ್ಟುಕೊಳ್ಳಿ. ಒಂದೊಂದು ಕಚೇರಿಯೂ ಒಂದನ್ನು ಇಟ್ಟುಕೊಳ್ಳುತ್ತದೆ. ಯಜಮಾನರ ಹಣಕ್ಕೆಂದೇ ಒಂದು ಖಾತೆ ಇರಲಿ, ಮನೆಯ ಹಣ ಅದರೊಂದಿಗೆ ಬೆರೆಯದಿರಲಿ. ನೋಡಿಕೊಳ್ಳುವ ಆಯಾಳ ಸಂಬಳ, ಡಯಾಪರು, ಔಷಧಿ ಎಲ್ಲದಕ್ಕೂ ರಸೀದಿ ಇದ್ದರೆ ಆರು ತಿಂಗಳ ಲೆಕ್ಕ ಒಂದು ಸಂಜೆಯ ಕೆಲಸ. ಆ ಹಣದಿಂದ ಮೊಮ್ಮಗಳ ಮದುವೆಗೆ ಒಡವೆ ಮಾಡಿಸುವಂತಿಲ್ಲ, ಅವರ ಪರವಾಗಿ ಉಯಿಲು ಬರೆಯುವಂತಿಲ್ಲ, ಅವರ ಆಸ್ತಿಯನ್ನು ತನಗೇ ದಾನ ಮಾಡಿಕೊಳ್ಳುವಂತಿಲ್ಲ.

ಹೆಂಡತಿ ತನ್ನ ಹೆಸರಿನ ಕಾಗದಗಳನ್ನೂ ಇದೇ ಹೊತ್ತಿಗೆ ತೆರೆದು ನೋಡಬೇಕು. ಆಕೆಯ ಖಾತೆ, ಪಾಲಿಸಿ, ಉಯಿಲು ಎಲ್ಲದರಲ್ಲೂ ಗಂಡನ ಹೆಸರೇ ಇರುತ್ತದೆ. ಆಕೆ ಮೊದಲು ಹೋದರೆ ಆ ಹಣ ಸಹಿ ಹಾಕಲಾರದವರ ಹೆಸರಿಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾಮಿನಿಯನ್ನು ಬದಲಿಸಿ, ಗಂಡನ ಪಾಲನ್ನು ಅವರ ಆರೈಕೆಗಾಗಿ ನಂಬಿಕಸ್ತರ ಕೈಗೆ ಟ್ರಸ್ಟ್ ರೂಪದಲ್ಲಿ ಬಿಡುವಂತೆ ಉಯಿಲು ಬರೆಸಬಹುದು. ಹೈಕೋರ್ಟಿನ ಅರ್ಜಿಯಲ್ಲೂ ತನ್ನ ನಂತರದ ಪೋಷಕರೆಂದು ಎರಡನೇ ಹೆಸರು ಕೇಳಿಕೊಳ್ಳಲಿ, ಊರಿನಲ್ಲೇ ಇರುವ ಮಗಳದೋ ಮಗನದೋ. ಎಪ್ಪತ್ತೈದು ವರ್ಷದ ಆಕೆ ಸೊಂಟ ಮುರಿದುಕೊಂಡು ಮಲಗಿದ ದಿನ ಎರಡನೇ ಹೆಸರು ಇಲ್ಲದಿದ್ದರೆ, ಹೊಸ ಅರ್ಜಿ, ಹೊಸ ವೈದ್ಯಕೀಯ ಮಂಡಳಿ, ಹೊಸ ತಹಶೀಲ್ದಾರ್ ವರದಿ ಎಲ್ಲವೂ ಮೊದಲಿನಿಂದ ಆಗಬೇಕು.